ಕಾವಿಯ ಬೊಟ್ಟು

ಮೈಸೂರು
9 ಜುಲೈ 1978

ಪ್ರೀತಿಯ ಅಕ್ಕನಿಗೆ ರುದ್ರಸ್ವಾಮಿಯ ನಮಸ್ಕಾರಗಳು.

ಇಲ್ಲಿ ಊಟ ಸಪ್ಪೆ, ಹಾಸಿಗೆ ಗಟ್ಟಿ, ಉಳಿದದ್ದೆಲ್ಲ ಸುಖ. ನೀನು ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ ವಾರದೊಳಗೇ ಮುಗಿಯಿತು. ಮುಗಿಸಿದವನು ನಾನಲ್ಲ, ಕೋಣೆಯ ಜೊತೆಗಾರರು.

ಅಡಿಕೆ ಮಾರಾಟದ ಸಂಘದ ಗುಮಾಸ್ತನಿಗೆ ಮೈಸೂರಿನವರೆಗೆ ಕರೆಸಿ ಕಲಿಸುವಂಥದ್ದು ಏನಿದೆ ಎಂದು ಕೇಳಿದ್ದೆಯಲ್ಲ, ಹೇಳುತ್ತೇನೆ ಕೇಳು. ಯಾವುದೇ ಕಚೇರಿಯಲ್ಲಿ ಒಂದು ಕೆಲಸ ಎಲ್ಲಿ ಶುರುವಾಗಿ, ಯಾರ ಯಾರ ಕೈ ದಾಟಿ, ಎಲ್ಲಿ ಮುಗಿಯುತ್ತದೆ ಎಂದು ಹೆಜ್ಜೆಹೆಜ್ಜೆಯಾಗಿ ಹಾಳೆಯ ಮೇಲೆ ಇಳಿಸುವುದು. ದುಂಡನೆಯ ಗುರುತು ಎಂದರೆ ಕೆಲಸ, ಬಾಣ ಎಂದರೆ ಸಾಗಾಟ, ಚೌಕ ಎಂದರೆ ತಪಾಸಣೆ, ತ್ರಿಕೋನ ಎಂದರೆ ದಾಸ್ತಾನು. ಸುಮ್ಮನೆ ಕಾಯುತ್ತಾ ಬಿದ್ದಿರುವುದಕ್ಕೂ ಒಂದು ಗುರುತಿದೆ. ಆಮೇಲೆ ಒಂದೊಂದು ಗುರುತಿನ ಮೇಲೂ ಬೆರಳಿಟ್ಟು "ಇದು ಯಾಕೆ?" ಎಂದು ಕೇಳಬೇಕು. ಉತ್ತರ ಸಿಕ್ಕದಿದ್ದರೆ ಆ ಹೆಜ್ಜೆಯನ್ನು ತೆಗೆದುಹಾಕಬೇಕು. ಕೇಳಲು ಸುಲಭ, ಆದರೆ ನಮ್ಮ ಮೇಷ್ಟ್ರು ಒಂದು ಕಚೇರಿಯ ಕಾಗದದ ದಾರಿಯನ್ನು ಬೋರ್ಡಿನ ಮೇಲೆ ಬರೆದು ತೋರಿಸಿದಾಗ ನನಗೆ ಮೈ ಜುಮ್ಮೆಂದಿತು. ಅದು ಹೋದ ದಾರಿಯಲ್ಲೇ ವಾಪಸು ಬಂದು, ಮತ್ತೆ ಅದೇ ದಾರಿಯಲ್ಲಿ ಹೋಗುತ್ತಿತ್ತು.

ನಮ್ಮ ಸಂಘದ ಅಂಗಳದಲ್ಲಿ ಅಡಿಕೆ ತಂದ ಬೆಳೆಗಾರರು ಚೀಲಕ್ಕೆ ಒರಗಿ ರಾತ್ರಿ ಕಳೆಯುವುದನ್ನು ಹೈಸ್ಕೂಲಿನ ದಿನಗಳಿಂದ ನೋಡಿದ್ದೇನೆ. ಅದು ಹಾಗೇ ಇರುವುದು ಎಂದುಕೊಂಡಿದ್ದೆ. ಹಾಗೆ ಇರಬೇಕಾಗಿಲ್ಲ ಎಂದು ಈಗ ಗೊತ್ತಾಗಿದೆ. ಚನ್ನಗಿರಿಯ ಮುಖ್ಯ ಕಚೇರಿಗೆ ಹಿಂತಿರುಗಿದ ಮೇಲೆ ಮೊದಲು ಅಲ್ಲಿ, ಆಮೇಲೆ ಹೊನ್ನಾಳಿ, ನ್ಯಾಮತಿ ಶಾಖೆಗಳಲ್ಲಿ ಇದನ್ನು ಮಾಡಿ ತೋರಿಸಬೇಕು ಎಂದು ಅಧ್ಯಕ್ಷರು ಬರೆದಿದ್ದಾರೆ. ನ್ಯಾಮತಿಯಲ್ಲಂತೂ ಭಾವನೇ ಇದ್ದಾರೆ, ನನಗೇನು ಚಿಂತೆ?

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ,
ತಿಪ್ಪೇರುದ್ರಸ್ವಾಮಿ


ನ್ಯಾಮತಿ
20 ಜುಲೈ 1978

ಚಿರಂಜೀವಿ ರುದ್ರನಿಗೆ ಅಕ್ಕ ಸರ್ವಮಂಗಳಳ ಆಶೀರ್ವಾದಗಳು.

ನಿನ್ನ ಕಾಗದವನ್ನು ನಿಮ್ಮ ಭಾವ ಗಟ್ಟಿಯಾಗಿ ಓದಿ ಹೇಳಿದರು. ಓದಿದ್ದಷ್ಟೇ ಅಲ್ಲ, ಪಾಠ ಒಪ್ಪಿಸುವವರ ಹಾಗೆ ಪಕ್ಕದ ಮನೆಯವರಿಗೂ ಹೇಳಿ ಬಂದರು. "ನಮ್ಮ ರುದ್ರ ಸೊಸೈಟಿನೇ ರಿಪೇರಿ ಮಾಡಾಕೆ ಕಲೀತಾ ಅವ್ನೆ" ಅಂತೆ. ನಾನೂ ನಿನ್ನ ಗುರುತುಗಳನ್ನು ಇಟ್ಟುಕೊಂಡು ರೊಟ್ಟಿ ಬಡಿಯುವುದನ್ನು ಬರೆಯೋಣ ಎಂದು ಕೂತೆ. ಹಿತ್ತಿಲ ಗೋಡೆಯಾಚೆಯವಳ ಜೊತೆ ಮಾತಾಡುತ್ತಾ ನಿಲ್ಲುವುದಕ್ಕೆ ಯಾವ ಗುರುತು ಹಾಕಬೇಕೋ ತಿಳಿಯಲಿಲ್ಲ. ಅದು ಕಾಯುವುದಲ್ಲ, ಕೆಲಸವೂ ಅಲ್ಲ. ನಿಮ್ಮ ಮೇಷ್ಟ್ರನ್ನು ಕೇಳಿ ಬರೆ.

ನಿಮ್ಮ ಭಾವನ ಕಾಲು ಈ ಮಳೆಗಾಲದಲ್ಲಿ ಮತ್ತೆ ಹಿಡಿದುಕೊಂಡಿದೆ. ಚೀಲದ ಅಟ್ಟಿ ಕುಸಿದು ಕಾಲು ಮುರಿದು ಇಷ್ಟು ವರ್ಷವಾದರೂ ಥಂಡಿ ಬಂದರೆ ಅದಕ್ಕೆ ನೆನಪಾಗುತ್ತದೆ. ಆದರೂ ಹೊತ್ತಿಗೆ ಸರಿಯಾಗಿ ಸೊಸೈಟಿಗೆ ಹೋಗಿ ತಮ್ಮ ಸ್ಟೂಲಿನ ಮೇಲೆ ಕೂರುತ್ತಾರೆ. ಚೀಲದ ಬಾಯಿ ನೋಡಿ, ಚೀಟಿ ನೋಡಿ, ಕಾವಿಯಲ್ಲಿ ಬೆರಳದ್ದಿ ಒಂದು ಬೊಟ್ಟು ಇಡದಿದ್ದರೆ ಹಮಾಲರು ಚೀಲ ಎತ್ತುವುದಿಲ್ಲವಲ್ಲ, ಅದೇ ಅವರಿಗೆ ದೊಡ್ಡ ಹೆಮ್ಮೆ. ಮನೆಯಲ್ಲೂ ಅದೇ ಕಥೆ. ಮೊನ್ನೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾಗಿದೆಯೋ ಇಲ್ಲವೋ ನೋಡಿ ಅದಕ್ಕೂ ಬೊಟ್ಟಿಟ್ಟರು. ಬಟ್ಟೆ ಒಗೆಯುವವಳು ನಾನು, ಪಂಚೆಯ ಅಂಚಿನ ಕಾವಿ ಬಿಡಿಸಲಾರದೆ ಸಾಯುತ್ತೇನೆ.

ಒಂದು ಮಾತು. ಚನ್ನಗಿರಿ, ಹೊನ್ನಾಳಿ ದೊಡ್ಡ ಅಂಗಳಗಳು. ನಿನ್ನ ಕಲಿಕೆಗೆ ಅವು ಸಾಲವೇ? ನ್ಯಾಮತಿ ಸಣ್ಣದು. ಎಲ್ಲ ಗೊತ್ತಿದ್ದವರೇ. ಇಲ್ಲಿಗೆ ಬಂದು ನೀನು ಏನು ಕೇಳುತ್ತೀ? ಸುಮ್ಮನೆ ಹೇಳಿದೆ. ನೋಡು, ನಿನಗೆ ತೋರಿದ ಹಾಗೆ ಮಾಡು.

ಇಂತಿ,
ನಿನ್ನ ಅಕ್ಕ


ಚನ್ನಗಿರಿ
3 ಸೆಪ್ಟೆಂಬರ್ 1978

ಅಕ್ಕನಿಗೆ ನಮಸ್ಕಾರಗಳು.

ಇದನ್ನು ಸಂತೋಷ ತಡೆಯಲಾರದೆ ಬರೆಯುತ್ತಿದ್ದೇನೆ. ಚನ್ನಗಿರಿಯಲ್ಲಿ ಕೆಲಸ ಕೈಗೂಡಿತು! ಮೊದಲು ಚೀಲವನ್ನು ತೂಕಕ್ಕೆ ಒಯ್ದು, ಮಾದರಿ ತೆಗೆಯಲು ಇನ್ನೊಂದು ಮೂಲೆಗೆ ಒಯ್ದು, ಮತ್ತೆ ಚೀಟಿ ಕಟ್ಟಲು ತೂಕದ ಹತ್ತಿರಕ್ಕೇ ತರುತ್ತಿದ್ದರು. ಯಾಕೆ ಎಂದರೆ ಯಾರಿಗೂ ಗೊತ್ತಿಲ್ಲ. ಒಂದು ಕಾಲಕ್ಕೆ ಆ ಮೂಲೆಯಲ್ಲಿ ಮೇಜಿತ್ತಂತೆ. ಮೇಜು ಮುರಿದುಹೋಗಿ ಯಾವ ಕಾಲವಾಯಿತೋ, ಚೀಲ ಮಾತ್ರ ಅಲ್ಲಿಗೆ ಹೋಗುತ್ತಲೇ ಇತ್ತು. ಈಗ ಮೂರೂ ಒಂದೇ ಕಡೆ. ಹೋದ ವಾರ ಸೂಳೆಕೆರೆ ಕಡೆಯ ಮುದುಕರೊಬ್ಬರು ಸಂಜೆ ಬಸ್ಸಿಗೆ ಹೊರಟು ನಿಂತವರು ನನ್ನ ಹತ್ತಿರ ಬಂದು, "ಏನಪ್ಪಾ, ಇವತ್ತು ಇಲ್ಲೇ ಮಲ್ಗಂಗಿಲ್ವ? ಕಂಬಳಿ ಬೇರೆ ತಂದಿದ್ನಲ್ಲ!" ಎಂದರು. ಎಲ್ಲರೂ ನಕ್ಕರು. ನನಗೆ ಕಣ್ಣು ತುಂಬಿತು ಎಂದರೆ ನೀನು ಗೇಲಿ ಮಾಡುತ್ತೀ.

ಹದಿನೆಂಟಕ್ಕೆ ನ್ಯಾಮತಿಗೆ ಬರುತ್ತೇನೆ. ಬೇಡ ಎಂದಿದ್ದೆಯಲ್ಲ, ಯಾಕೆಂದು ನನಗೆ ಅರ್ಥವಾಗಿದೆ. ಬಾಮೈದ ಬಂದು ಭಾವನ ಶಾಖೆಗೆ ಅನುಕೂಲ ಮಾಡಿದ ಎನ್ನುತ್ತಾರೆ ಎಂದು ತಾನೇ? ಹಾಗೆ ಯಾರೂ ಅನ್ನದಂತೆ ಎಲ್ಲವನ್ನೂ ಬಹಿರಂಗವಾಗಿಯೇ ಮಾಡುತ್ತೇನೆ. ನಮ್ಮ ಮೇಷ್ಟ್ರು ಹೇಳಿದ್ದೂ ಅದನ್ನೇ. ಪ್ರತ್ಯೇಕವಾಗಿ ಕೇಳಿದರೆ ಜನ ಮುಚ್ಚಿಡುತ್ತಾರೆ, ಎಲ್ಲರ ಎದುರು ಕೇಳಿದರೆ ನಿಜ ಹೊರಗೆ ಬರುತ್ತದೆ. ಎಲ್ಲಿ ಎಲ್ಲರೂ ಸುಮ್ಮನಾಗುತ್ತಾರೋ ಅಲ್ಲಿಯೇ ಹುಳುಕಿರುತ್ತದಂತೆ.

ನಿನ್ನ ತಮ್ಮ,
ರುದ್ರಸ್ವಾಮಿ


ನ್ಯಾಮತಿ
11 ಸೆಪ್ಟೆಂಬರ್ 1978

ರುದ್ರನಿಗೆ ಆಶೀರ್ವಾದ.

ಕಾರ್ಡಿನಲ್ಲಿ ಹೆಚ್ಚು ಬರೆಯಲಾಗುವುದಿಲ್ಲ, ಇದು ಎಲ್ಲರ ಕಣ್ಣಿಗೂ ಬೀಳುತ್ತದೆ. ಬಸ್ಸಿಳಿದವನು ನೇರ ಮನೆಗೆ ಬಾ. ಸ್ನಾನ ಮಾಡಿ ಊಟ ಮಾಡು. ನಿನ್ನ ಹತ್ತಿರ ಮಾತಾಡುವುದಿದೆ. ಸೊಸೈಟಿಗೆ ಆಮೇಲೆ ಹೋದರಾಯಿತು. ಮರೆಯಬೇಡ.

ಅಕ್ಕ


ಹೊನ್ನಾಳಿ
29 ಸೆಪ್ಟೆಂಬರ್ 1978

ಅಕ್ಕ,

ನಿನ್ನ ಕಾರ್ಡು ಚನ್ನಗಿರಿಯಲ್ಲಿ ನನ್ನ ಮೇಜಿನ ಮೇಲಿತ್ತು. ನಾನು ಹೊರಟ ಮೇಲೆ ಬಂದದ್ದಲ್ಲ, ಹೊರಡುವ ಮುಂಚೆಯೇ ಬಂದದ್ದು. ಓದಿದ್ದೆ. ಓದಿಯೂ ಬಸ್ಸಿಳಿದು ನೇರ ಸೊಸೈಟಿಗೆ ಹೋದೆ. ಚಾರ್ಟು ಅಂಟಿಸುವ ಆತುರ. ಊಟ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡೆ.

ಭಾವ ಮನೆಗೆ ಬಂದು ಏನು ಹೇಳಿದರೋ, ಏನಾದರೂ ಹೇಳಿದರೋ ಇಲ್ಲವೋ, ನನಗೆ ಗೊತ್ತಿಲ್ಲ. ನಡೆದದ್ದನ್ನು ನಾನೇ ಬರೆಯುತ್ತೇನೆ. ನೀನು ಅದನ್ನು ಬೇರೆಯವರ ಬಾಯಿಂದ ಕೇಳಬಾರದು.

ಬೆಳಿಗ್ಗೆಯಿಂದ ಭಾವ ನನ್ನ ಜೊತೆಗೇ ಇದ್ದರು. ಕುಂಟುತ್ತಾ ಗೋದಾಮೆಲ್ಲ ಸುತ್ತಿಸಿ, ಚೀಲ ಎಲ್ಲಿ ಇಳಿಯುತ್ತದೆ, ಎಲ್ಲಿ ತೂಕ, ಎಲ್ಲಿ ಚೀಟಿ ಎಂದು ಒಂದೊಂದನ್ನೂ ಹೇಳಿ ಬರೆಸಿದರು. ತಮ್ಮ ಹಂತ ಬಂದಾಗ, "ಇದಕ್ಕೆ ಚೌಕ ಹಾಕ್ಬೇಕಲ್ವ? ತಪಾಸಣೆ ಅಂದ್ರೆ ಚೌಕ ಅಂತ ನೀನೇ ಬರ್ದಿದ್ದೆ" ಎಂದು ನೆನಪು ಮಾಡಿದರು. ಹಾಳೆಯನ್ನು ಗೋದಾಮಿನ ಗೋಡೆಗೆ ಅಂಟಿಸುವಾಗ ಮೈದಾ ಗೋಂದಿನ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಕೂತುಕೊಳ್ಳಿ ಎಂದರೂ ಕೇಳಲಿಲ್ಲ.

ಎಲ್ಲರೂ ಸೇರಿದ್ದರು. ಕಾರ್ಯದರ್ಶಿ ನಾಗರಾಜಪ್ಪನವರು, ಗುಮಾಸ್ತರು, ಹಮಾಲರು, ಗೋವಿನಕೋವಿಯಿಂದ ಅಡಿಕೆ ತಂದ ನಾಲ್ಕಾರು ಜನ. ಒಂದೊಂದು ಗುರುತಿನ ಮೇಲೂ ಬೆರಳಿಟ್ಟು ಕೇಳುತ್ತಾ ಬಂದೆ. ಕಾವಿಯ ಬೊಟ್ಟಿಗೆ ಬಂದಾಗ ನಾಗರಾಜಪ್ಪನವರು, "ಅದನ್ನ ಬಿಟ್ಟು ಮುಂದಕ್ಕೆ ಹೋಗಪ್ಪ, ಹಿಂದಿನಿಂದ ನಡ್ಕಂಡು ಬಂದೈತೆ" ಎಂದರು. ಎಲ್ಲರೂ ನೆಲ ನೋಡುತ್ತಿದ್ದರು. ನನಗೆ ಮೇಷ್ಟ್ರ ಮಾತು ನೆನಪಾಯಿತು. ಏನೋ ಸಿಕ್ಕಿತು ಎಂದು ಒಳಗೊಳಗೇ ಹಿಗ್ಗಿದೆ ಅಕ್ಕ. ಸುಳ್ಳು ಹೇಳುವುದಿಲ್ಲ, ಹಿಗ್ಗಿದೆ.

ಹಮಾಲರ ಹಾಲೇಶಪ್ಪನನ್ನು ಹಿಡಿದೆ. ಚೀಟಿ ಕಟ್ಟುವಾಗಲೇ ಚೀಲದ ಬಾಯಿ ನೋಡುತ್ತಾರಲ್ಲ, ಬೊಟ್ಟು ಇಡುವ ಹೊತ್ತಿಗೆ ಯಾವ ಚೀಲವಾದರೂ ತಪ್ಪು ಸಿಕ್ಕಿ ವಾಪಸು ಹೋದದ್ದುಂಟೇ ಎಂದೆ. ಇಲ್ಲ ಎಂದ. ಹಾಗಾದರೆ ಇದು ಯಾಕೆ ಎಂದೆ. ಅವನು ನಾಗರಾಜಪ್ಪನವರ ಮುಖ ನೋಡಿದ. ನಾನು ಬಿಡಲಿಲ್ಲ, ಮತ್ತೆ ಯಾಕೆ ಎಂದೆ.

"ಅಯ್ಯೋ, ಅದನ್ನ್ಯಾಕೆ ಕೆದಕ್ತೀರಿ ಸ್ವಾಮಿ? ಕಾಲು ಮುರ್ಕಂಡು ಮನೇಲಿ ಕುಂತಿದ್ರು. ಅವರಿಗೊಂದು ಕೂರಾಕೆ ಜಾಗ ಆಗ್ಲಿ ಅಂತ ಮಾಡಿದ್ದು. ಚೀಲಕ್ಕೂ ಅದಕ್ಕೂ ಏನೂ ಇಲ್ಲ" ಎಂದುಬಿಟ್ಟ.

ಭಾವ "ಹಂಗಾ" ಎಂದರು. ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿ, "ಮೇಲಿನ ಮೂಲೆ ಇನ್ನೂ ಅಂಟಿಲ್ಲ ನೋಡು, ಗೋಂದು ಒಣಗ್ತೈತೆ" ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಊರುಗೋಲು ತೆಗೆದುಕೊಂಡು ಹೊರಟರು. ಅವರು ಅಂಗಳ ದಾಟುವವರೆಗೂ ನಾನು ತಟ್ಟೆ ಹಿಡಿದುಕೊಂಡೇ ನಿಂತಿದ್ದೆ.

ಮನೆಗೆ ಬರುವ ಮುಖ ಇರಲಿಲ್ಲ. ಹೊನ್ನಾಳಿ ಬಸ್ಸು ನಿಂತಿತ್ತು, ಹತ್ತಿಬಿಟ್ಟೆ. ನೀನು ಮಾಡಿಟ್ಟ ಅಡಿಗೆ ಹಾಗೇ ಉಳಿದಿರಬೇಕು.

ಅಕ್ಕ, ನಿನಗೆ ಇದು ಗೊತ್ತಿತ್ತೇ?

ರುದ್ರ


ನ್ಯಾಮತಿ
22 ಅಕ್ಟೋಬರ್ 1978

ರುದ್ರನಿಗೆ,

ನಿನ್ನ ಕಾಗದವನ್ನು ಈ ಸಲ ಅವರು ಓದಲಿಲ್ಲ, ಒಡೆಯದೆ ನನ್ನ ಕೈಗೆ ಕೊಟ್ಟರು. ಬರೆಯುವುದೋ ಬೇಡವೋ ಎಂದು ಇಷ್ಟು ದಿನ ಹೋಯಿತು. ಸಿಟ್ಟಿನಲ್ಲಿ ಒಂದು ಬರೆದು ಒಲೆಗೆ ಹಾಕಿದೆ.

ಗೊತ್ತಿತ್ತು. ನಾನೇ ಕೇಳಿದ್ದು. ಆಗ ನೀನಿನ್ನೂ ಜಗಳೂರಿನಲ್ಲಿ ಅಜ್ಜಿಯ ಹತ್ತಿರ ಇದ್ದೆ. ಇವರು ತೂಕದ ಕೆಲಸದವರು, ತಕ್ಕಡಿಯ ಮುಂದೆ ದಿನವಿಡೀ ನಿಲ್ಲಬೇಕು. ಮುರಿದ ಕಾಲು ಕೂಡಿತು, ನಿಲ್ಲುವ ಶಕ್ತಿ ಬರಲಿಲ್ಲ. ಗೋಡೆಗೆ ಮುಖ ಹಾಕಿ ಮಲಗಿದವರು ಮಲಗಿಯೇ ಇರುತ್ತಿದ್ದರು. ಕರೆದರೆ ಓಗೊಡುತ್ತಿರಲಿಲ್ಲ. ನಾನು ನಾಗರಾಜಪ್ಪನವರ ಮನೆಗೆ ಹೋಗಿ ಅವರ ಹೆಂಡತಿಯ ಕೈ ಹಿಡಿದುಕೊಂಡೆ. ಕೂತು ಮಾಡುವಂಥ ಏನಾದರೂ ಕೊಡಿಸಿ, ಆದರೆ ನಾನು ಕೇಳಿದೆ ಎಂದು ನಮ್ಮವರಿಗೆ ತಿಳಿಯಬಾರದು ಎಂದೆ. ಮಾರನೆಯ ವಾರ ನಾಗರಾಜಪ್ಪನವರೇ ಮನೆಗೆ ಬಂದು, "ಚೀಲ ಅದಲು ಬದಲು ಆಗ್ತಾ ಐತೆ ಪಂಚಾಕ್ಷರಪ್ಪ, ನಿಮ್ಮಂಥ ನಂಬಿಕಸ್ಥರು ಒಬ್ರು ಬೇಕು" ಎಂದರು. ಅವತ್ತು ಇವರು ಎದ್ದು ಕೂತು ಕ್ಷೌರದವನನ್ನು ಕರೆಸಿದರು. ಸುಳ್ಳೆಂದು ತಿಳಿದೂ ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದೆ.

ಇಷ್ಟನ್ನು ಜುಲೈನಲ್ಲೇ ನಿನಗೆ ಬರೆದಿದ್ದರೆ ಆಗುತ್ತಿತ್ತು. ಸುತ್ತಿ ಬಳಸಿ ಬರೆದೆ. ಕಾಗದ ಓದುವವರು ಅವರೇ ಅಲ್ಲವೇ ಎಂಬ ಭಯ. ಮನೆಗೆ ಬಂದಾಗ ಹೇಳೋಣ ಎಂದುಕೊಂಡೆ, ನೀನು ಬರಲಿಲ್ಲ. ನಿನ್ನದು ಎಷ್ಟು ತಪ್ಪೋ ನನ್ನದೂ ಅಷ್ಟೇ ತಪ್ಪು. ಆದರೂ ಹೇಳುತ್ತೇನೆ, ನಿನ್ನ ಮೇಲೆ ನನಗೆ ಸಿಟ್ಟಿದೆ. ಊಟಕ್ಕೆ ಬಾ ಎಂದರೆ ಬರಬೇಕಿತ್ತು.

ಅವರು ಸೊಸೈಟಿಗೆ ಹೋಗುತ್ತಿಲ್ಲ. ನಾಗರಾಜಪ್ಪನವರು ಎರಡು ಸಲ ಬಂದು ಹೋದರು. ಇವರು ಕಾಫಿ ಕೊಟ್ಟು, ಮಳೆ ಬೆಳೆ ಮಾತಾಡಿ ಕಳಿಸಿದರು. ನನ್ನ ಮೇಲೆ ಒಂದು ಮಾತೂ ಇಲ್ಲ. ಬೈದಿದ್ದರೆ ಸುಖವಾಗಿ ಅತ್ತುಬಿಡುತ್ತಿದ್ದೆ. ಪಂಚೆಯ ಅಂಚು ಬೆಳ್ಳಗಿದೆ. ಒಗೆಯುವಾಗ ಕೈಗೆ ಕೆಲಸವೇ ಇಲ್ಲ.

ಅಕ್ಕ


ಜಗಳೂರು
19 ನವೆಂಬರ್ 1978

ಅಕ್ಕನಿಗೆ,

ಇಲ್ಲಿಯ ಶೇಂಗಾ ಸೊಸೈಟಿಯವರು ಚನ್ನಗಿರಿಯ ಕೆಲಸದ ಸುದ್ದಿ ಕೇಳಿ ನನ್ನನ್ನು ಎರವಲು ಕರೆಸಿಕೊಂಡಿದ್ದಾರೆ. ನಾನೇ ಮುಂದಾಗಿ ಒಪ್ಪಿದೆ. ನ್ಯಾಮತಿಯಿಂದ ಆದಷ್ಟು ದೂರ ಇರೋಣ ಅನ್ನಿಸಿತು. ಆದರೆ ಅಜ್ಜಿಯ ಮನೆಯ ಬೀದಿಯಲ್ಲಿ ನಡೆಯುವಾಗ, ಕುಂಟುತ್ತಾ ಇಲ್ಲಿಯವರೆಗೆ ಬಂದು ನನ್ನನ್ನು ಹೈಸ್ಕೂಲಿಗೆ ನ್ಯಾಮತಿಗೆ ಕರೆದುಕೊಂಡು ಹೋದವರು ಯಾರು ಎಂಬುದೇ ತಲೆಯಲ್ಲಿ ಸುತ್ತುತ್ತದೆ. ನನ್ನ ಟ್ರಂಕನ್ನು ಬಸ್ಸಿನ ಮೇಲಕ್ಕೆ ಹಾಕಿಸಿ, ಅದರ ಮೇಲೂ ಬೆರಳು ಒತ್ತಿ ಕಾವಿಯ ಬೊಟ್ಟಿಟ್ಟಿದ್ದರು. "ಇನ್ನು ಇದು ತಪ್ಪಿಹೋಗಾಕಿಲ್ಲ ಬಿಡು" ಎಂದಿದ್ದರು. ಆ ಟ್ರಂಕು ಈಗಲೂ ನನ್ನ ಮಂಚದ ಕೆಳಗೇ ಇದೆ. ಗುರುತು ಮಾಸಿಲ್ಲ.

ನನ್ನ ಓದೆಲ್ಲ ನಡೆದದ್ದು ಆ ಸ್ಟೂಲಿನ ಸಂಬಳದ ಮೇಲೆ. ಬೇಡದ ಹೆಜ್ಜೆ ಎಂದು ಎಲ್ಲರ ಎದುರು ಬೆರಳಿಟ್ಟೆನಲ್ಲ, ಆ ಹೆಜ್ಜೆ ಇಲ್ಲದಿದ್ದರೆ ನಾನು ಇಲ್ಲೇ ಶೇಂಗಾ ಸುಲಿಯುತ್ತಾ ಇರುತ್ತಿದ್ದೆ. ಇದು ನೆನಪಾದಾಗ ಊಟ ಬಿಟ್ಟು ಎದ್ದುಬಿಡುತ್ತೇನೆ. ನಾನು ಕಲಿತ ವಿದ್ಯೆ ಕೆಟ್ಟದ್ದಲ್ಲ ಅಕ್ಕ. ಅದು ಬೆಳೆಗಾರರನ್ನು ಸಂಜೆ ಬಸ್ಸಿಗೆ ಮನೆ ಸೇರಿಸಿದೆ. ಆದರೆ ಅದನ್ನು ಕಲಿತವನಿಗೆ ಇಷ್ಟು ಸಣ್ಣ ವಿಷಯ ಹೊಳೆಯಲಿಲ್ಲ.

ಈಗ ಒಂದು ಉಪಾಯ ಮಾಡಿದ್ದೇನೆ. ನ್ಯಾಮತಿಯ ವರದಿಯಲ್ಲಿ ಗೇಟಿನ ಹತ್ತಿರ ಒಂದು ವಿಚಾರಣೆ ಮೇಜು ಬೇಕು ಎಂದು ಸೇರಿಸಿದ್ದೇನೆ. ಬಂದವರನ್ನು ಮಾತಾಡಿಸಿ, ಸರದಿ ಹೇಳಿ ಒಳಗೆ ಕಳಿಸುವುದು. ಕೂತು ಮಾಡುವ ಕೆಲಸ. ನಿಜ ಹೇಳಬೇಕೆಂದರೆ ಅಂಥ ಮೇಜು ನ್ಯಾಮತಿಯಂಥ ಅಂಗಳಕ್ಕೆ ಬೇಕಾಗಿಲ್ಲ, ಗೇಟಿನಲ್ಲಿ ನಿಂತು ಕೂಗಿದರೆ ಒಳಗಿನವರಿಗೆ ಕೇಳಿಸುತ್ತದೆ. ಮೇಷ್ಟ್ರು ನೋಡಿದರೆ ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕುತ್ತಾರೆ. ಭಾವನಿಗಾಗಿಯೇ ಬರೆದೆ. ನಾಗರಾಜಪ್ಪನವರು ಆಗಲಿ ಎಂದಿದ್ದಾರೆ. ಈ ಕಾಗದವನ್ನು ಪೋಸ್ಟ್ ಮಾಡದೆ, ಪರಿಚಯದವರ ಕೈಯಲ್ಲಿ ನಿನಗೇ ಮುಟ್ಟುವ ಹಾಗೆ ಕಳಿಸಿದ್ದೇನೆ. ಓದಿ ಒಲೆಗೆ ಹಾಕು.

ರುದ್ರ


ನ್ಯಾಮತಿ
17 ಡಿಸೆಂಬರ್ 1978

ರುದ್ರನಿಗೆ ಆಶೀರ್ವಾದ.

ನಾಗರಾಜಪ್ಪನವರು ಗೇಟಿನ ಮೇಜಿನ ಆರ್ಡರು ತಂದುಕೊಟ್ಟರು. ಇವರು ಓದಿ, ಮಡಿಸಿ, ದೇವರ ಗೂಡಿನಲ್ಲಿಟ್ಟರು. ಹೋಗುತ್ತಾರೆ ಎಂದುಕೊಂಡು ನಾನು ಬೆಳಿಗ್ಗೆ ಬೇಗ ರೊಟ್ಟಿ ಮಾಡಿದೆ. ಹೋಗಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ, ಆ ಮಾತು ನಮ್ಮ ಮನೆಯಲ್ಲಿ ಈಗ ಯಾರೂ ಆಡುವುದಿಲ್ಲ. ರಾತ್ರಿ ಊಟ ಮಾಡುವಾಗ ತಾವಾಗಿ ಹೇಳಿದರು.

"ನೋಡು ಮಂಗಳಾ, ಇನ್ಮೇಲೆ ಯಾರು ಏನು ಕೊಟ್ರೂ ಇದು ಕೆಲಸನೋ ಕನಿಕರನೋ ಅಂತ ನಾನು ಹೆಂಗೆ ತಿಳ್ಕಳ್ಳಲಿ? ನೀನು ಇನ್ನೊಂದು ರೊಟ್ಟಿ ಹಾಕಿದ್ರೂ ಹಂಗೇ ಅನ್ಸತೈತೆ."

ಹಾಕಲು ತಂದ ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು ಕಣೋ.

ಇಷ್ಟು ವರ್ಷ ನಾನು ಒಬ್ಬ ಮನುಷ್ಯನನ್ನು ಪೆದ್ದನ ಹಾಗೆ ನಡೆಸಿಕೊಂಡೆನೇ? ದಿನಾ ಬೆಳಿಗ್ಗೆ ಬುತ್ತಿ ಕೊಟ್ಟು ಕಳಿಸುವಾಗ ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ. ಅದನ್ನು ನೆನೆದರೆ ಅವರ ಎದುರು ನಿಲ್ಲಲಾಗುವುದಿಲ್ಲ. ನಾನು ಒಳ್ಳೆಯದಕ್ಕೇ ಮಾಡಿದ್ದು ಎಂದು ನೀನಾದರೂ ಒಂದು ಸಾಲು ಬರೆ.

ಅಕ್ಕ


ನ್ಯಾಮತಿ
8 ಜನವರಿ 1979

ಚಿರಂಜೀವಿ ರುದ್ರಸ್ವಾಮಿಗೆ ಪಂಚಾಕ್ಷರಪ್ಪನ ಆಶೀರ್ವಾದಗಳು.

ನಾನು ಕಾಗದ ಬರೆಯುವವನಲ್ಲ, ಓದುವವನು. ಇದನ್ನು ಪೋಸ್ಟಾಫೀಸಿನ ಜಗುಲಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಿಮ್ಮ ಅಕ್ಕ ಹತ್ತಿಯ ಬತ್ತಿ ತರಲು ಕಳಿಸಿದ್ದಾಳೆ.

ನೀನು ಜಗಳೂರಿನಲ್ಲಿ ಊಟ ಬಿಟ್ಟು ಕೂತಿದ್ದೀಯಂತೆ, ನಿಮ್ಮ ಅಕ್ಕ ಹೇಳಿದಳು. ಅದಕ್ಕೇ ಹೇಳುತ್ತಿದ್ದೇನೆ, ಇಲ್ಲದಿದ್ದರೆ ಹೇಳುತ್ತಿರಲಿಲ್ಲ. ಕಾವಿಯ ಬೊಟ್ಟು ಯಾತಕ್ಕೆಂದು ನನಗೆ ಮೊದಲ ಸುಗ್ಗಿಯಲ್ಲೇ ಗೊತ್ತಾಗಿತ್ತು. ತೂಕ ಮಾಡಿದವನಿಗೆ ಅಷ್ಟೂ ತಿಳಿಯುವುದಿಲ್ಲವೇ? ಆದರೂ ನೋಡೋಣ ಎಂದು ಒಂದು ದಿನ ಬೇಕೆಂದೇ ಒಂದು ಚೀಲವನ್ನು ಗುರುತಿಲ್ಲದೆ ಬಿಟ್ಟೆ. ಹಾಲೇಶಪ್ಪ ಅದನ್ನು ಹೊತ್ತುಕೊಂಡು ಹೋಗಿ ಇಳಿಸಿದ. ಆಮೇಲೆ ಬೊಟ್ಟಿಲ್ಲದ್ದು ಕಂಡು, ನನ್ನ ಕಡೆ ಕಳ್ಳನ ಹಾಗೆ ನೋಡಿ, ನಾನು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ಬಂದು ಡಬ್ಬಿಯಲ್ಲಿ ಬೆರಳದ್ದಿಕೊಂಡು ಹೋಗಿ ತಾನೇ ಇಟ್ಟ. ನನಗೆ ನೋವಾದೀತು ಎಂದು. ನಾನು ಬೇರೆ ಕಡೆ ನೋಡಿದೆ. ಅಂಥವನ ಬಾಯಿಂದಲೇ ನೀನು ಆ ಮಾತು ಹೊರಡಿಸಿದೆ. ಅವನು ಈಗ ನನ್ನನ್ನು ಕಂಡರೆ ಓಣಿ ಬದಲಿಸುತ್ತಾನೆ. ನಿನಗೆ ಪಶ್ಚಾತ್ತಾಪ ಪಡಬೇಕು ಎನ್ನಿಸಿದರೆ ಅವನಿಗಾಗಿ ಪಡು.

ಗೊತ್ತಾದದ್ದನ್ನು ಮರೆಯುವುದೂ ಒಂದು ಕೆಲಸವಪ್ಪಾ. ಬಹಳ ವರ್ಷ ಹಿಡಿಯಿತು. ಕೊನೆಕೊನೆಗೆ ನಿಜವಾಗಿಯೂ ಮರೆತಿದ್ದೆ. ನಿನ್ನ ಪಕ್ಕದಲ್ಲಿ ಗೋಂದಿನ ತಟ್ಟೆ ಹಿಡಿದು ನಿಂತವನು ಮರೆತವನೇ. ಚೌಕ ಹಾಕು ಎಂದವನೂ ಅವನೇ.

ಆಮೇಲೆ ಮನೆಯಲ್ಲಿ ಕೂತದ್ದು ಸಿಟ್ಟಿನಿಂದಲ್ಲ. ಅವತ್ತೇ ತಿಳಿದವನು ಹೇಗಿರಬೇಕೋ ಹಾಗೆ ಇರಬೇಕಾಯಿತು. ಮಾರನೆಯ ದಿನವೇ ಎದ್ದು ಸ್ಟೂಲಿಗೆ ಹೋಗಿದ್ದರೆ ನಿಮ್ಮ ಅಕ್ಕ ಏನೆಂದುಕೊಳ್ಳುತ್ತಿದ್ದಳು? ಇವರಿಗೆ ಮೊದಲೇ ಗೊತ್ತಿತ್ತು ಎಂದು ತಿಳಿದುಬಿಡುತ್ತಿದ್ದಳು. ಅವಳು ನನ್ನನ್ನು ಗುಟ್ಟಾಗಿ ಉಳಿಸಿಕೊಂಡವಳು. ನಾಗರಾಜಪ್ಪನವರು ಕರೆಯಲು ಬಂದ ದಿನ ಅವಳು ಒಳಗೆ ಹೋಗಿ ದೀಪ ಹಚ್ಚಿದ್ದು ಯಾತಕ್ಕೆಂದು ನನಗೆ ಆಮೇಲೆ ಅರ್ಥವಾಗಿತ್ತು. ನಾನು ಅದನ್ನು ನೋಡುತ್ತಾ ಏನೂ ತಿಳಿಯದವನ ಹಾಗೆ ದಿನಾ ಬುತ್ತಿ ತೆಗೆದುಕೊಂಡು ಹೋದೆ ಎಂದರೆ, ಆ ವರ್ಷಗಳಲ್ಲಿ ಯಾವ ದಿನ ನಿಜ, ಯಾವ ದಿನ ನಾಟಕ ಎಂದು ಕೂತು ಆರಿಸುತ್ತಾಳೆ. ಅವಳ ಸ್ವಭಾವ ನಿನಗೆ ಗೊತ್ತು. ಆದ್ದರಿಂದ ಇದು ನಿನ್ನಲ್ಲೇ ಇರಬೇಕು. ಅವಳು ಎಷ್ಟೇ ಅತ್ತರೂ ಹೇಳಕೂಡದು. ನಾನು ನಿನ್ನನ್ನು ಇದುವರೆಗೆ ಏನೂ ಕೇಳಿದವನಲ್ಲ.

ಇನ್ನೊಂದು. ಗೇಟಿನ ಮೇಜು ಯಾತಕ್ಕೆಂದೂ ನನಗೆ ಗೊತ್ತು, ನೀನು ಜಾಣನಲ್ಲ. ರೊಟ್ಟಿಯ ಮಾತು ಅವಳಿಗೆ ಆಡಬಾರದಿತ್ತು, ಆಡಿದೆ. ಅದರಲ್ಲಿ ಸ್ವಲ್ಪ ನಿಜವೂ ಇತ್ತು, ಅದಕ್ಕೇ ಬಾಯಿಗೆ ಬಂತು. ಆದರೂ ಮನೆಯಲ್ಲಿ ಕೂತು ಕೂತು ಸಾಕಾಗಿದೆ. ಹೋಗಬೇಕು. ಹೋಗುವುದಕ್ಕೆ ನನಗೊಂದು ಕಾರಣ ಬೇಕು. ನಿನ್ನ ಟ್ರೇನಿಂಗಿನ ಭಾಷೆಯಲ್ಲಿ ಚೆನ್ನಾಗಿ ಬರೆದು ಕಳಿಸು. ಅವಳಿಗೆ ಓದಿ ಹೇಳುತ್ತೇನೆ. ಅವಳು ನಂಬುವ ಹಾಗಿರಲಿ.

ಊಟ ಮಾಡು.

ಪಂಚಾಕ್ಷರಪ್ಪ


ಜಗಳೂರು
21 ಜನವರಿ 1979

ಶ್ರೀ ಪಂಚಾಕ್ಷರಪ್ಪನವರಿಗೆ,

ವಿಷಯ: ನ್ಯಾಮತಿ ಶಾಖೆಯ ಗೇಟಿನ ವಿಚಾರಣೆ ಮೇಜು.

ತಾವು ಸದರಿ ಮೇಜಿನ ಅಗತ್ಯದ ಬಗ್ಗೆ ಸಂದೇಹ ವ್ಯಕ್ತಪಡಿಸಿರುವುದಾಗಿ ಕಾರ್ಯದರ್ಶಿಯವರು ತಿಳಿಸಿರುತ್ತಾರೆ. ನ್ಯಾಮತಿ ಶಾಖೆಯ ಕಾರ್ಯವಿಧಾನವನ್ನು ಎರಡನೆಯ ಬಾರಿ ಪರಿಶೀಲಿಸಲಾಗಿ ಕಂಡುಬಂದದ್ದು ಈ ರೀತಿ ಇದೆ. ಹೊರ ಊರುಗಳಿಂದ ಬರುವ ಬೆಳೆಗಾರರು ಯಾರನ್ನು ಕೇಳಬೇಕೆಂದು ತಿಳಿಯದೆ ಅಂಗಳದಲ್ಲಿ ಅತ್ತಿತ್ತ ತಿರುಗುತ್ತಾರೆ. ಇದರಿಂದ ತೂಕ ಮಾಡುವವರ ಕೈ ಪದೇಪದೇ ತಡೆಯುತ್ತದೆ. ಆದ ಕಾರಣ ತೂಕ, ಚೀಟಿ, ಗೋದಾಮು ಮೂರನ್ನೂ ಬಲ್ಲ ಹಿರಿಯರೊಬ್ಬರು ಬಾಗಿಲಲ್ಲಿಯೇ ಇರತಕ್ಕದ್ದು. ಬಂದವರನ್ನು ಏನು ಕೇಳಬೇಕು, ಏನು ಕೇಳಬಾರದು ಎಂಬುದನ್ನು ಅರಿತವರಾಗಿರತಕ್ಕದ್ದು. ಈ ಅರ್ಹತೆ ಶಾಖೆಯಲ್ಲಿ ತಮ್ಮೊಬ್ಬರಿಗೇ ಇದೆ. ವರದಿ ಬರೆದವನಿಗೆ ಅದು ಇಲ್ಲವೆಂಬುದು ಅನುಭವದಿಂದ ಸಾಬೀತಾಗಿದೆ.

ಈ ಹಂತವನ್ನು ಯಾವ ಕಾರಣಕ್ಕೂ ತೆಗೆದುಹಾಕಬಾರದೆಂದು ಶಿಫಾರಸು ಮಾಡಲಾಗಿದೆ.

ಹಾಲೇಶಪ್ಪನವರಿಗೆ ಪ್ರತ್ಯೇಕವಾಗಿ ಬರೆದು ಕ್ಷಮೆ ಕೇಳಿದ್ದೇನೆ. ಅವರಿಗೆ ಓದಲು ಬಾರದು. ತಾವೇ ಕರೆದು ಓದಿ ಹೇಳಬೇಕಾಗಿ ವಿನಂತಿ.

ತಮ್ಮ ವಿಧೇಯ,
ತಿಪ್ಪೇರುದ್ರಸ್ವಾಮಿ


ನ್ಯಾಮತಿ
4 ಫೆಬ್ರವರಿ 1979

ರುದ್ರನಿಗೆ ಅಕ್ಕನ ಆಶೀರ್ವಾದಗಳು.

ಹೋದರು ಕಣೋ! ಮೊನ್ನೆ ಗುರುವಾರದಿಂದ ಹೋಗುತ್ತಿದ್ದಾರೆ. ನಿನ್ನ ಸರ್ಕಾರಿ ಕಾಗದ ಬಂದ ರಾತ್ರಿ ಕನ್ನಡಕ ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು, ಮೊದಲಿನ ಹಾಗೇ ಗಟ್ಟಿಯಾಗಿ ಓದಿದರು. "ನೋಡಿದ್ಯಾ, ಎರಡನೇ ಸಲ ಪರೀಕ್ಷೆ ಮಾಡಿ ಬರ್ದವ್ನೆ. ಇದು ಬೇಕೇ ಬೇಕಂತೆ" ಎಂದರು. ನಾನು ಕಣ್ಣರಳಿಸಿ, ಹೌದಾ, ನಿಜವಾಗಿಯೂ ಬೇಕಂತಾ ಎಂದು ಎರಡೆರಡು ಸಲ ಕೇಳಿದೆ. ಬಾಗಿಲಲ್ಲಿ ನಿಂತು ಕೂಗಿದರೆ ಒಳಗೆ ಕೇಳಿಸುವ ಅಂಗಳಕ್ಕೆ ಮೇಜಂತೆ! ನಗು ಬರಬೇಕಿತ್ತು, ಬರಲಿಲ್ಲ. ಪಾಪ, ನಂಬಿಬಿಟ್ಟಿದ್ದಾರೆ.

ಹಾಲೇಶಪ್ಪ ಬಂದಿದ್ದ. ಇಬ್ಬರೂ ಜಗುಲಿಯ ಮೇಲೆ ಬಹಳ ಹೊತ್ತು ಕೂತಿದ್ದರು. ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಹೋಗುವಾಗ ಅವನ ಕಣ್ಣು ಒದ್ದೆಯಾಗಿತ್ತು.

ರುದ್ರಾ, ಮತ್ತೆ ಅದೇ ಪಾಪವನ್ನು ಕಟ್ಟಿಕೊಂಡಿದ್ದೇನೆ, ಈ ಸಲ ನಿನ್ನನ್ನೂ ಜೊತೆಗೆ ಸೇರಿಸಿಕೊಂಡು. ಬುತ್ತಿ ಕೈಗೆ ಕೊಡುವಾಗ ಮುಖ ನೋಡಲಾಗುವುದಿಲ್ಲ. ಆದರೂ ಅವರು ಎದ್ದು ಹೊರಡುತ್ತಾರಲ್ಲ, ಅಷ್ಟು ಸಾಕು. ಆ ಮೇಜು ಅವರಿಗಾಗಿಯೇ ಹಾಕಿದ್ದು ಎಂದು ಅವರಿಗೆ ಎಂದೂ ಗೊತ್ತಾಗಬಾರದು. ಈ ಸಲವಾದರೂ ಕಾಪಾಡು. ನಿನ್ನನ್ನು ಬೇಡಿಕೊಳ್ಳುತ್ತೇನೆ.

ಯುಗಾದಿಗೆ ಬಾ. ಬಸ್ಸಿಳಿದವನು ನೇರ ಮನೆಗೆ ಬಾ.

ನಿನ್ನ ಅಕ್ಕ,
ಸರ್ವಮಂಗಳ


ಜಗಳೂರು
12 ಫೆಬ್ರವರಿ 1979

ಅಕ್ಕ,

ಬರುತ್ತೇನೆ, ನೇರ ಮನೆಗೇ. ಇದನ್ನೂ ಪರಿಚಯದವರ ಕೈಯಲ್ಲೇ ನಿನಗೆ ಕಳಿಸಿದ್ದೇನೆ.

ನೀನು ಹೆದರಬೇಡ. ಭಾವನಿಗೆ ಏನೂ ಗೊತ್ತಿಲ್ಲ.

ನಿನ್ನ ತಮ್ಮ,
ರುದ್ರ